ಫಿನಾಲೆ ಲಿಗುರೆಯಲ್ಲಿ ಬೆಟ್ಟದ ಸೈಕಲ್: ಕಡಲಿನಿಂದ ಶುರು ಮಾಡಿ, ತುದಿಗೆ ಆಮೇಲೆ ಹೋಗಿ

ಇಟಲಿಯ ಕಡಲಂಚಿನ ಫಿನಾಲೆ ಲಿಗುರೆಗೆ ಮೊದಲ ಸಲ ಬಂದವರು ಮಾಡುವ ತಪ್ಪು ಹೆಚ್ಚುಕಡಿಮೆ ಒಂದೇ. ಬೆಳಿಗ್ಗೆ ಶಟಲ್ ವ್ಯಾನ್ ಹತ್ತುತ್ತಾರೆ, ಸೀದಾ ಬೆಟ್ಟದ ತುದಿಯಲ್ಲಿ ಇಳಿಯುತ್ತಾರೆ, ಅಲ್ಲಿಂದ ಕಡಲಿನವರೆಗೆ ಒಂದೇ ಉಸಿರಲ್ಲಿ ಸೈಕಲ್ ಬಿಡಲು ನೋಡುತ್ತಾರೆ. ನಾನೂ ಹಾಗೇ ಮಾಡಿದ್ದೆ. ಮೇಲಿನ ಕಾಡಿನಲ್ಲಿ ಹಾರಿಕೊಂಡೇ ಬಂದೆ. ನಡುವೆ ಅಂಗೈ ಉರಿಯತೊಡಗಿತು. ಕೊನೆಯ ಕಾಲುಭಾಗದಲ್ಲಿ, ಸಮುದ್ರ ಕಣ್ಣೆದುರೇ ಹೊಳೆಯುತ್ತಿದ್ದಾಗ, ಸುಣ್ಣದಕಲ್ಲಿನ ಅಂಚಿಗೆ ತಾಗಿ ಹಿಂದಿನ ಟೈರಿನ ಪಕ್ಕ ಸೀಳಿಹೋಯಿತು. ಮುಂದಿನ ದಾರಿಯೆಲ್ಲ ಕಾಲ್ನಡಿಗೆ, ಸೈಕಲ್ ಹೆಗಲ ಮೇಲೆ.

ಈ ಊರನ್ನು ಕೆಳಗಿನಿಂದ ಮೇಲಕ್ಕೆ ಕಲಿಯಬೇಕು ಅನ್ನುವುದು ಆ ನಡಿಗೆಯಲ್ಲಿ ತಲೆಗೆ ಹೋಯಿತು. ಹಾಗಾಗಿ ಇಲ್ಲಿ ಅದೇ ಕ್ರಮದಲ್ಲಿ ಬರೆದಿದ್ದೇನೆ. ಮೊದಲು ಕಡಲ ಪಕ್ಕದ ಎತ್ತರದ ಬಯಲು, ಆಮೇಲೆ ಕಣಿವೆ, ಕೊನೆಗೆ ತುದಿ. ನಾಲ್ಕೈದು ದಿನ ಕೈಯಲ್ಲಿದ್ದರೆ ಸಾಕು.

ಮೊದಲು ನಕ್ಷೆ ತಲೆಯಲ್ಲಿ ಕೂರಲಿ

ಫಿನಾಲೆ ಇರುವುದು ಇಟಲಿಯ ವಾಯವ್ಯ ಭಾಗದ ಲಿಗುರಿಯಾದಲ್ಲಿ, ಸವೋನಾ ಪ್ರಾಂತ್ಯದಲ್ಲಿ. ಇದು ಅಸಲಿಗೆ ಮೂರು ಊರು. ಕಡಲಂಚಿನ ಫಿನಾಲ್‌ಮರೀನಾ, ಅದರ ಪೂರ್ವಕ್ಕೆ ಫಿನಾಲ್‌ಪಿಯಾ, ಸ್ವಲ್ಪ ಒಳಗೆ ಕೋಟೆಗೋಡೆಯ ಹಳೆಯ ಊರು ಫಿನಾಲ್‌ಬೋರ್ಗೊ. 1927ರಲ್ಲಿ ಮೂರನ್ನೂ ಸೇರಿಸಿ ಒಂದು ಮಾಡಿದರು. ಸೈಕಲ್ಲಿನವರು ಸೇರುವುದು ಹೆಚ್ಚಾಗಿ ಫಿನಾಲ್‌ಬೋರ್ಗೊದಲ್ಲಿ. ಸಂಜೆ ಅದರ ಚೌಕದಲ್ಲಿ ಕೂತರೆ ಕೆಸರು ಮೆತ್ತಿದ ಮಂಡಿಗಳೇ ಕಾಣುತ್ತವೆ.

ಅಂಗೈಯನ್ನು ಊರಿನ ಮೇಲೆ ಇಟ್ಟು, ಬೆರಳುಗಳನ್ನು ಬೆಟ್ಟದ ಕಡೆ ಚಾಚಿದ್ದೀರಿ ಅಂದುಕೊಳ್ಳಿ. ಬೆರಳುಗಳೇ ಏಣುಗಳು, ಅಂದರೆ ಬೆಟ್ಟದ ಬೆನ್ನುಗಳು. ಸಂದುಗಳೇ ಕಣಿವೆಗಳು. ಪಶ್ಚಿಮದಿಂದ ಪೋರಾ ತೊರೆ, ಪಕ್ಕದಲ್ಲಿ ಅಕ್ವಿಲಾ. ಇವೆರಡೂ ಫಿನಾಲ್‌ಬೋರ್ಗೊ ಹತ್ತಿರ ಕೂಡುತ್ತವೆ. ಇನ್ನೂ ಪೂರ್ವಕ್ಕೆ ಶೂಸಾ ತೊರೆ, ಅದು ಫಿನಾಲ್‌ಪಿಯಾದಲ್ಲಿ ಕಡಲು ಸೇರುತ್ತದೆ. ಟ್ರೇಲ್‌ಗಳು, ಅಂದರೆ ಸೈಕಲ್ ಬಿಡುವ ಕಾಲುದಾರಿಗಳು, ಹೆಚ್ಚಾಗಿ ಏಣುಗಳ ಮೇಲೆ ಮತ್ತು ಅವುಗಳ ಪಕ್ಕದಲ್ಲಿ ಇಳಿಯುತ್ತವೆ. ಏಣಿನ ಮೇಲೆ ಒಂದು ತಿರುವು ತಪ್ಪಿದರೂ ಬೇರೆಯೇ ಕಣಿವೆಗೆ ಬಂದು ಬೀಳುತ್ತೀರಿ. ಗಾಬರಿ ಬೇಡ. ನೀರು ಹರಿಯುವ ಕಡೆ ಹೋದರೆ ಕಡಲ ಪಕ್ಕದ ಆವ್ರೇಲಿಯಾ ರಸ್ತೆ ಸಿಕ್ಕೇ ಸಿಗುತ್ತದೆ.

ಆದರೆ ತುದಿಯಲ್ಲಿ ಮಾತ್ರ ಈ ಲೆಕ್ಕ ಕೈ ಕೊಡುತ್ತದೆ. ಮುಖ್ಯ ಏಣಿನ ಉತ್ತರಕ್ಕೆ ಇಳಿದರೆ ನೀವು ಸೇರುವುದು ಬೋರ್ಮಿದಾ ಕಣಿವೆ. ಅಲ್ಲಿನ ನೀರು ಪೋ ನದಿ ಸೇರಿ, ಇಟಲಿಯ ಇನ್ನೊಂದು ಬದಿಯ ಏಡ್ರಿಯಾಟಿಕ್ ಸಮುದ್ರಕ್ಕೆ ಹೋಗುತ್ತದೆ. ನೀವೂ ಅದರ ಹಿಂದೆ ಹೋದರೆ ಸಂಜೆ ಊಟಕ್ಕೆ ಬರುವುದಿಲ್ಲ! ತುದಿಯಲ್ಲಿರುವಾಗ ಕಡಲು ಯಾವ ಕಡೆ ಅನ್ನುವುದನ್ನು ಒಮ್ಮೆ ಖಾತ್ರಿ ಮಾಡಿಕೊಂಡೇ ಹೊರಡಿ. ಮಂಜು ಇದ್ದರೆ ಇನ್ನೂ ಜಾಸ್ತಿ ಎಚ್ಚರ.

ಯಾವಾಗ ಹೋಗಬೇಕು

ಮಾರ್ಚ್‌ನಿಂದ ಜೂನ್ ಮೊದಲ ವಾರದವರೆಗೆ, ಆಮೇಲೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್‌ವರೆಗೆ. ಆಲ್ಪ್ಸ್‌ನ ಎತ್ತರದ ಟ್ರೇಲ್‌ಗಳು ಹಿಮದಡಿ ಮಲಗಿರುವಾಗಲೂ ಇಲ್ಲಿ ಸೈಕಲ್ ಓಡುತ್ತದೆ. ಹಿಂದಿರುವ ಬೆಟ್ಟಗಳು ಉತ್ತರದ ಚಳಿಗಾಳಿಯನ್ನು ತಡೆಯುತ್ತವೆ. ಎದುರಿನ ಕಡಲು ಬೆಚ್ಚಗಿಡುತ್ತದೆ. ಜನವರಿಯಲ್ಲೂ ಕೆಳಗಿನ ಟ್ರೇಲ್‌ಗಳು ಸವಾರಿಗೆ ಸಿಗುತ್ತವೆ, ಮೇಲೆ ಮಾತ್ರ ಒಮ್ಮೊಮ್ಮೆ ಹಿಮ ಇರುತ್ತದೆ. ಜುಲೈ ಮತ್ತು ಆಗಸ್ಟ್ ಬಿಟ್ಟುಬಿಡಿ. ಬಿಸಿಲು, ಕಡಲಿಗೆ ಬಂದ ಜನಜಂಗುಳಿ, ರೂಮಿನ ಬಾಡಿಗೆ, ಮೂರೂ ಏರಿರುತ್ತವೆ.

ಶರತ್ಕಾಲದ ಮಳೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಲಿಗುರಿಯಾದಲ್ಲಿ ಅಕ್ಟೋಬರ್, ನವೆಂಬರ್‌ನಲ್ಲಿ ಕೆಲವೇ ಗಂಟೆಗಳಲ್ಲಿ ಆಕಾಶ ಕಳಚಿ ಬಿದ್ದ ಹಾಗೆ ಸುರಿಯುತ್ತದೆ. ಒಣಗಿದ್ದ ತೊರೆ ನೋಡನೋಡುತ್ತಲೇ ತುಂಬುತ್ತದೆ. ಇಲ್ಲಿನ ಸರ್ಕಾರ ಹಳದಿ, ಕಿತ್ತಳೆ, ಕೆಂಪು ಎಂದು ಮೂರು ಬಣ್ಣದ ಎಚ್ಚರಿಕೆ ಕೊಡುತ್ತದೆ. ಹಿಂದಿನ ಸಂಜೆಯೇ ನೋಡಿಕೊಳ್ಳಿ. ಕಿತ್ತಳೆ ಅಥವಾ ಕೆಂಪು ಇದ್ದರೆ ಅಂದು ಕಣಿವೆಗೆ ಹೋಗಲೇಬೇಡಿ.

ಬೇಟೆಯ ದಿನಗಳನ್ನು ಲೆಕ್ಕ ಹಾಕಿ

ಇದನ್ನು ಹೊರಗಿನಿಂದ ಬಂದವರಿಗೆ ಯಾರೂ ಮೊದಲೇ ಹೇಳುವುದಿಲ್ಲ. ಇಟಲಿಯ 1992ರ ಬೇಟೆ ಕಾನೂನಿನ ಪ್ರಕಾರ ಬೇಟೆಯ ಕಾಲ ಸೆಪ್ಟೆಂಬರ್ ಮೂರನೇ ಭಾನುವಾರದಿಂದ ಜನವರಿ 31ರವರೆಗೆ. ನಾವು ಸೈಕಲ್ ಬಿಡುವ ಕಾಡುಗಳಲ್ಲೇ ಕಾಡುಹಂದಿ ಬೇಟೆ ನಡೆಯುತ್ತದೆ. ಮಂಗಳವಾರ ಮತ್ತು ಶುಕ್ರವಾರ ಮಾತ್ರ ದೇಶವಿಡೀ ಬೇಟೆಗೆ ಬಿಡುವು. ಹಾಗಾಗಿ ಅಕ್ಟೋಬರ್‌ನಲ್ಲಿ ಹೋದರೆ ಒಳಗಿನ ಕಾಡಿನ ಉದ್ದನೆಯ ಸವಾರಿಯನ್ನು ಈ ಎರಡು ದಿನಕ್ಕೆ ಇಟ್ಟುಕೊಳ್ಳಿ. ಭಾನುವಾರ ಕಡಲ ಹತ್ತಿರವೇ ಸುತ್ತಾಡಿ.

ದಾರಿಯಲ್ಲಿ 'ಬತ್ತೂತಾ ಅಲ್ ಚಿಂಗ್ಯಾಲೆ' ಎಂದು ಬರೆದ ಹಲಗೆ ಕಂಡರೆ, ಮುಂದೆ ಹಂದಿ ಓಡಿಸುವ ಬೇಟೆ ನಡೆಯುತ್ತಿದೆ ಎಂದು ಅರ್ಥ. ಸುಮ್ನೆ ಹಿಂದಿರುಗಿ. ಬಟ್ಟೆ ಕಣ್ಣಿಗೆ ಹೊಡೆಯುವ ಬಣ್ಣದ್ದಿರಲಿ. ಕಂದು ಬಣ್ಣದ ಜಾಕೆಟ್ ಎಷ್ಟೇ ಚೆಂದ ಇದ್ದರೂ ಆ ತಿಂಗಳು ಬೇಡ.

ತಲುಪುವುದು

ಹತ್ತಿರದ ವಿಮಾನ ನಿಲ್ದಾಣ ಜೆನೊವಾ. ಅಲ್ಲಿಂದ ವೆಂತಿಮಿಲ್ಯಾ ಕಡೆ ಹೋಗುವ ರೈಲಿನಲ್ಲಿ ಸುಮಾರು ಒಂದು ಗಂಟೆ. ಫಿನಾಲೆ ಲಿಗುರೆ ಮರೀನಾ ನಿಲ್ದಾಣದಲ್ಲಿ ಇಳಿಯಿರಿ. ಪ್ರಾದೇಶಿಕ ರೈಲುಗಳಲ್ಲಿ ಸೈಕಲ್ಲಿಗೆ ಬೇರೆ ಟಿಕೆಟ್ ಬೇಕು, ನಾನು ಕೊಟ್ಟಿದ್ದು 3.50 ಯೂರೋ. ಭಾರತದಿಂದ ಹೋಗುವವರಿಗೆ ಶೆಂಗೆನ್ ವೀಸಾ ಬೇಕು. ಅದಕ್ಕೆ ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಆ ವಿಮೆಯಲ್ಲಿ ಬೆಟ್ಟದ ಸೈಕಲ್ ಸೇರಿದೆಯೇ ಎಂದು ಸಣ್ಣ ಅಕ್ಷರಗಳನ್ನು ಓದಿ. ಎಷ್ಟೋ ವಿಮೆಗಳಲ್ಲಿ ಸಾಹಸ ಕ್ರೀಡೆ ಎಂದು ಹೊರಗಿಟ್ಟಿರುತ್ತಾರೆ.

ಇ-ಬೈಕ್ ತೆಗೆದುಕೊಂಡು ಹೋಗುವ ಯೋಚನೆ ಬಿಡಿ. 160 ವ್ಯಾಟ್-ಅವರ್‌ಗಿಂತ ದೊಡ್ಡ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನಕ್ಕೆ ಹತ್ತಿಸಿಕೊಳ್ಳುವುದಿಲ್ಲ. ಬೆಟ್ಟದ ಇ-ಬೈಕ್ ಬ್ಯಾಟರಿ ಅದರ ಮೂರು ನಾಲ್ಕು ಪಟ್ಟು ಇರುತ್ತದೆ. ಬೇಕಿದ್ದರೆ ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳಿ.

ಸೈಕಲ್ ಆರಿಸುವುದು, ಟೈರ್ ನೋಡುವುದು

ಮುಂದೆ 150ರಿಂದ 160 ಮಿಲಿಮೀಟರ್ ಕುಸಿಯುವ ಸಸ್ಪೆನ್ಶನ್ ಇರುವ ಫುಲ್ ಸಸ್ಪೆನ್ಶನ್ (ಎರಡೂ ಚಕ್ರಕ್ಕೆ ಸಸ್ಪೆನ್ಶನ್ ಇರುವ) ಸೈಕಲ್ ಇಲ್ಲಿಗೆ ಸರಿ. 140 ಇದ್ದರೂ ಸಾಗುತ್ತದೆ, ಕೈ ಸ್ವಲ್ಪ ಜಾಸ್ತಿ ನೋಯುತ್ತದೆ ಅಷ್ಟೇ. ನಾನು ಸಸ್ಪೆನ್ಶನ್‌ಗಿಂತ ಟೈರ್ ಮತ್ತು ಬ್ರೇಕ್ ನೋಡುತ್ತೇನೆ. ಬಾಡಿಗೆಗೆ ಹೊಳೆಯುವ ಕಾರ್ಬನ್ ಸೈಕಲ್ ಕೊಟ್ಟು, ಅದಕ್ಕೆ ಹಗುರವಾದ ತೆಳು ಟೈರ್ ಹಾಕಿರುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಅಂದ ಹಾಗೆ. ನನ್ನ ಮೊದಲ ದಿನದ ಟೈರ್ ಸೀಳಿದ್ದು ಇದೇ ಕಾರಣಕ್ಕೆ. ಇಲ್ಲಿನ ಸುಣ್ಣದಕಲ್ಲು ತೊಳೆದು ಸವೆದು, ತೂತು ತೂತಾಗಿ, ಅಂಚುಗಳು ಚಾಕುವಿನ ಹಾಗಿರುತ್ತವೆ. ಪಕ್ಕದ ಗೋಡೆ ದಪ್ಪ ಇರುವ ಟೈರ್ ಕೇಳಿ. ಅಗಲ 2.4 ಇಂಚಿನ ಆಸುಪಾಸು ಇರಲಿ. ಟ್ಯೂಬ್‌ಲೆಸ್ ಆಗಿರಲಿ. ಒಳಗೆ ಸೀಲೆಂಟ್ (ತೂತು ಮುಚ್ಚುವ ದ್ರವ) ಇದೆಯೇ ಎಂದು ಕೇಳಿ, ಚಕ್ರ ಅಲ್ಲಾಡಿಸಿ ಸದ್ದು ಕೇಳಿಸಿಕೊಳ್ಳಿ.

ಗಾಳಿ ಎಷ್ಟು? ನನ್ನ ತೂಕ 72 ಕಿಲೋ. ಮುಂದೆ 23, ಹಿಂದೆ 26 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಡುತ್ತೇನೆ. ಇದಕ್ಕಿಂತ ಕಮ್ಮಿ ಮಾಡಿದರೆ ಹಿಡಿತ ಚೆನ್ನಾಗಿರುತ್ತದೆ, ಆದರೆ ಕಲ್ಲು ರಿಮ್‌ಗೆ ಬಡಿಯುತ್ತದೆ. ನಿಮ್ಮ ತೂಕ ಜಾಸ್ತಿ ಇದ್ದರೆ ಎರಡು ಮೂರು ಪಿಎಸ್‌ಐ ಏರಿಸಿ. ಸೀಟಿನ ಮೇಲೆ ಪೂರ್ತಿ ಸಲಕರಣೆ ಸಮೇತ ಕೂತಾಗ ಹಿಂದಿನ ಶಾಕ್ ನಾಲ್ಕನೇ ಒಂದು ಭಾಗದಿಂದ ಮೂರನೇ ಒಂದು ಭಾಗದಷ್ಟು ಕುಸಿಯಬೇಕು.

ಬ್ರೇಕ್ ಡಿಸ್ಕ್ ಮುಂದೆ 200 ಮಿಲಿಮೀಟರ್ ಇರಲಿ. ಉದ್ದನೆಯ ಇಳಿಜಾರಿನಲ್ಲಿ ಸಣ್ಣ ಡಿಸ್ಕ್ ಬೇಗ ಕಾಯುತ್ತದೆ. ಪ್ಯಾಡ್ ಹೊಸದಾಗಿದ್ದರೆ ಸಮತಟ್ಟು ರಸ್ತೆಯಲ್ಲಿ ಇಪ್ಪತ್ತು ಸಲ ವೇಗ ತೆಗೆದುಕೊಂಡು, ಪೂರ್ತಿ ನಿಲ್ಲದ ಹಾಗೆ ಬ್ರೇಕ್ ಹಿಡಿದು ಪಳಗಿಸಿ. ಲಿವರ್ ಅನ್ನು ಒಂದೇ ಬೆರಳಿನಿಂದ ಎಳೆಯಲು ಆಗಬೇಕು. ಉಳಿದ ಮೂರು ಬೆರಳು ಹ್ಯಾಂಡಲ್ ಬಿಡಬಾರದು.

ಬೈಕ್ ಅಂಗಡಿಗಳು ಮಧ್ಯಾಹ್ನ ಬಾಗಿಲು ಹಾಕಿ ಊಟಕ್ಕೆ ಹೋಗುತ್ತವೆ, ಮೂರು ಮೂರೂವರೆಗೆ ತೆರೆಯುತ್ತವೆ. ಬೇಕಾದದ್ದನ್ನು ಬೆಳಿಗ್ಗೆಯೇ ಕೊಂಡುಬಿಡಿ.

ಮೊದಲ ದಿನ: ಲೆ ಮಾನಿಯೆ

ಫಿನಾಲ್‌ಪಿಯಾದ ಮೇಲೆ, ಸುಮಾರು 300 ಮೀಟರ್ ಎತ್ತರದಲ್ಲಿ ಒಂದು ಬಯಲು ಇದೆ. ಅದೇ ಲೆ ಮಾನಿಯೆ. ರಸ್ತೆಯಲ್ಲೇ ತುಳಿದುಕೊಂಡು ಹತ್ತಿ, ವ್ಯಾನ್ ಬೇಡ. ಹತ್ತುವಾಗಲೇ ಗೇರ್, ಸೀಟು, ಉಸಿರು ಎಲ್ಲದರ ಪರೀಕ್ಷೆ ಆಗಿಬಿಡುತ್ತದೆ. ಇಲ್ಲೇ 1999ರಿಂದ 24 ಗಂಟೆಗಳ ಸೈಕಲ್ ಸ್ಪರ್ಧೆ ನಡೆದುಬಂದಿದೆ. ತಂಡಗಳು ಹಗಲು ರಾತ್ರಿ ಸರದಿಯಲ್ಲಿ ಸುತ್ತು ಹೊಡೆಯುತ್ತವೆ. ಆ ಸುತ್ತಿನ ದಾರಿಯಲ್ಲೇ ನೀವೂ ಮೊದಲ ದಿನ ಓಡಾಡಿ. ಪೈನ್, ಓಕ್ ಮರಗಳ ನಡುವೆ ಏರು ಇಳಿವು ಎರಡೂ ಹದವಾಗಿವೆ. ಒಂದು ಕಡೆ ಬಂಡೆಯ ಅಂಚಿಗೆ ಬಂದರೆ ಕೆಳಗೆ ಪೂರ್ತಿ ಕಡಲು.

ಸುಣ್ಣದಕಲ್ಲಿನ ಮೇಲೆ ಟೈರ್ ಹೇಗೆ ಹಿಡಿಯುತ್ತದೆ ಅನ್ನುವುದನ್ನು ಇವತ್ತು ಕಲಿಯಬೇಕು. ಒಣಗಿದ್ದಾಗ ಅದು ಮರಳು ಕಾಗದದ ಹಾಗೆ ಅಂಟಿಕೊಳ್ಳುತ್ತದೆ. ಜನ ಓಡಾಡಿ ನುಣುಪಾದ ಕಡೆ, ಅದೂ ಒದ್ದೆಯಾದರೆ, ಸೋಪು ಹಚ್ಚಿದ ಬಚ್ಚಲು. ಬ್ರೇಕ್ ಹಿಡಿಯುವುದಾದರೆ ಬಂಡೆಗೆ ಮುಂಚೆ ಹಿಡಿಯಿರಿ. ಬಂಡೆಯ ಮೇಲೆ ಬಂದ ಮೇಲೆ ಬಿಟ್ಟುಬಿಡಿ, ಸೈಕಲ್ ನೇರವಾಗಿ ಉರುಳಲಿ. ಹಿಮ್ಮಡಿ ಕೆಳಗೆ, ಎದೆ ಹ್ಯಾಂಡಲ್ ಕಡೆ, ಕಣ್ಣು ಮುಂದಿನ ತಿರುವಿನ ಕಡೆ. ಹೆದರಿದಾಗ ಎಲ್ಲರೂ ಹಿಂದಕ್ಕೆ ವಾಲುತ್ತಾರೆ. ಆಗ ಮುಂದಿನ ಚಕ್ರದ ಮೇಲೆ ಭಾರ ಇರುವುದಿಲ್ಲ, ತಿರುವಿನಲ್ಲಿ ಅದು ಜಾರಿಕೊಳ್ಳುತ್ತದೆ. ಒಂದೇ ಸಣ್ಣ ಇಳಿಜಾರನ್ನು ನಾಲ್ಕೈದು ಸಲ ಮಾಡಿ. ಬೇಜಾರು ಅನ್ನಿಸಿದರೂ ಮಾಡಿ.

ಮಾನಿಯೆಯಿಂದ ಕಡಲಂಚಿನ ಊರು ವರಿಗೊತ್ತಿ ಕಡೆಗೆ ಡಿಎಚ್ ದೊನ್ನೆ, ಡಿಎಚ್ ಉಓಮಿನಿ ಎಂಬ ಎರಡು ಹೆಸರಾಂತ ಇಳಿಜಾರುಗಳಿವೆ. ಹೆಂಗಸರ ಡೌನ್‌ಹಿಲ್, ಗಂಡಸರ ಡೌನ್‌ಹಿಲ್ ಎಂದು ಅರ್ಥ. ಹೆಸರು ನೋಡಿ 'ಹೆಂಗಸರದ್ದು ಸುಲಭ ಇರಬೇಕು' ಎಂದು ನುಗ್ಗಿದ ಗಂಡಸರು ಕಲ್ಲಿನ ಮೆಟ್ಟಿಲುಗಳ ಮೇಲೆ ಸೈಕಲ್ ತಳ್ಳಿಕೊಂಡು ಬರುವುದನ್ನು ನೋಡಿದ್ದೇನೆ. ಮೊದಲ ದಿನ ಎರಡೂ ಬೇಡ. ಕೊನೆಯ ದಿನಕ್ಕೆ ಇರಲಿ.

ವರಿಗೊತ್ತಿಯಿಂದ ನೋಲಿ ಎಂಬ ಊರಿಗೆ ಬಂಡೆಯಂಚಿನಲ್ಲಿ ಹೋಗುವ ಯಾತ್ರಿಕರ ಹಾದಿಗೂ ಸೈಕಲ್ ಒಯ್ಯಬೇಡಿ. ಅದು ನಡೆಯುವವರದ್ದು. ಕಿರಿದು, ಮಕ್ಕಳು ಮುದುಕರೆಲ್ಲ ಇರುತ್ತಾರೆ.

ಎರಡನೇ ದಿನ: ವಾಲ್ ಪೋಂಚಿ

ಶೂಸಾ ಕಣಿವೆಯಿಂದ ಪಕ್ಕಕ್ಕೆ ಸೀಳಿಕೊಂಡು ಹೋಗುವ ಸಣ್ಣ ಕಣಿವೆ ಇದು. ನನಗೆ ಫಿನಾಲೆಯಲ್ಲಿ ಎಲ್ಲಕ್ಕಿಂತ ಇಷ್ಟವಾದ ಜಾಗ. ಕ್ರಿಸ್ತಪೂರ್ವ 13ರಲ್ಲಿ ಅಗಸ್ಟಸ್ ಚಕ್ರವರ್ತಿ ಮಾಡಿಸಿದ ಜೂಲಿಯಾ ಅಗಸ್ಟಾ ರಸ್ತೆ ಇಲ್ಲಿಂದಲೇ ಹೋಗುತ್ತಿತ್ತು. ಕಡಲಂಚಿನ ಬಂಡೆಗಳು ಕಡಿದಾಗಿದ್ದರಿಂದ ರೋಮನ್ನರು ದಾರಿಯನ್ನು ಒಳಗೆ ತಿರುಗಿಸಿದರು. ರೋಮನ್ನರ ಕಾಲದ ಐದು ಕಲ್ಲಿನ ಸೇತುವೆಗಳು ಇನ್ನೂ ಇವೆ, ಕೆಲವು ಪಾಳು ಬಿದ್ದಿವೆ. ಚೆನ್ನಾಗಿ ಉಳಿದಿರುವುದು ಪೋಂತೆ ದೆಲ್ಲೆ ಫಾತೆ, ಅಂದರೆ ಯಕ್ಷಿಯರ ಸೇತುವೆ. ಅಲ್ಲಿ ಸೈಕಲ್ ಇಳಿಯಿರಿ. ಎರಡು ಸಾವಿರ ವರ್ಷದ ಹತ್ತಿರ ನಿಂತ ಕಲ್ಲಿನ ಮೇಲೆ ಬ್ರೇಕ್ ಜಾರಿಸುವುದು ಬೇಡ, ಅಲ್ವಾ?

ಕಣಿವೆಯ ದಾರಿ ಅಗಲವಾಗಿದೆ, ಏರು ನಿಧಾನ. ಇದನ್ನು ಹತ್ತುವ ದಾರಿ ಮಾಡಿಕೊಳ್ಳಿ. ಹತ್ತಿದ ಮೇಲೆ ಮಾನಿಯೆ ಕಡೆ ತಿರುಗಿ, ನಿನ್ನೆ ಕಲಿತ ಟ್ರೇಲ್‌ನಲ್ಲಿ ಇಳಿದು ಸುತ್ತು ಮುಗಿಸಬಹುದು. ಅರ್ಧ ದಿನದ ಕೆಲಸ.

ಬೆಟ್ಟದ ಪಕ್ಕದಲ್ಲೆಲ್ಲ ಗಾರೆ ಇಲ್ಲದೆ ಕಟ್ಟಿದ ಕಲ್ಲಿನ ಗೋಡೆಗಳು ಕಾಣುತ್ತವೆ. ಆಲಿವ್ ಗಿಡಗಳಿಗಾಗಿ ಮಾಡಿದ ಮೆಟ್ಟಿಲು ಹೊಲಗಳು ಅವು. ಈ ಒಣಕಲ್ಲಿನ ಗೋಡೆ ಕಟ್ಟುವ ವಿದ್ಯೆಯನ್ನು ಯುನೆಸ್ಕೊ 2018ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು. ಗೋಡೆಯ ಮೇಲಿಂದ ಹಾರಿದರೆ ವಿಡಿಯೊ ಚೆನ್ನಾಗಿ ಬರುತ್ತದೆ ನಿಜ. ಮೇಲಿನ ಕಲ್ಲು ಒಂದು ಕಳಚಿದರೆ ಮುಂದಿನ ಮಳೆಗೆ ಇಡೀ ಗೋಡೆ ಕೂರುತ್ತದೆ. ಹೊಲದವನಿಗೆ ಸಿಟ್ಟು ಬಂದರೆ ಟ್ರೇಲ್‌ಗೆ ಬೇಲಿ ಬೀಳುತ್ತದೆ.

ಬೆಟ್ಟದ ನಲ್ಲಿಗಳಲ್ಲಿ ನೀರು ತುಂಬಿಸಿಕೊಳ್ಳಬಹುದು. 'ನೊನ್ ಪೊತಾಬಿಲೆ' ಎಂದು ಬರೆದಿದ್ದರೆ ಮಾತ್ರ ಕುಡಿಯಬೇಡಿ.

ಮೂರನೇ ದಿನ ಕಾಲಿಗೆ ಬಿಡುವು ಬೇಕೆನಿಸಿದರೆ ರೈಲು ಹತ್ತಿ ಪಶ್ಚಿಮಕ್ಕೆ ಹೋಗಿ. ಸಾನ್ ಲೊರೆಂಜೊ ಅಲ್ ಮಾರೆಯಿಂದ ಓಸ್ಪೆದಲೆತ್ತಿವರೆಗೆ ಹಳೆಯ ರೈಲು ಹಳಿ ಇದ್ದ ಜಾಗದಲ್ಲಿ 24 ಕಿಲೋಮೀಟರ್ ಸೈಕಲ್ ದಾರಿ ಮಾಡಿದ್ದಾರೆ. ಪೂರ್ತಿ ಕಡಲ ಪಕ್ಕ, ಏರೇ ಇಲ್ಲ.

ಈಗ ತುದಿಗೆ: ನ್ಯಾಟೊ ಬೇಸ್

ಊರಿನ ಹಿಂದಿನ ಎತ್ತರದ ಏಣಿನಲ್ಲಿ, ಪಿಯಾನ್ ದೇಯಿ ಕೋರ್ಸಿ ಎಂಬಲ್ಲಿ, ಸುಮಾರು 1000 ಮೀಟರ್ ಎತ್ತರದಲ್ಲಿ ಶೀತಲ ಸಮರದ ಕಾಲದ ಒಂದು ಸಂಪರ್ಕ ಕೇಂದ್ರ ಪಾಳು ಬಿದ್ದಿದೆ. ಎಲ್ಲರೂ ಅದನ್ನು ನ್ಯಾಟೊ ಬೇಸ್ ಎಂದೇ ಕರೆಯುತ್ತಾರೆ. ಈಗ ಪಕ್ಕದಲ್ಲಿ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ಶಟಲ್ ವ್ಯಾನ್‌ಗಳು ಬರುವುದು ಇಲ್ಲಿಗೇ. ತುಳಿದೇ ಹತ್ತುವ ಛಲ ಇದ್ದರೆ ಗೊರ್ರಾ ಮೂಲಕ ಮೆಲೋನ್ಯೊ ಘಾಟಿಯವರೆಗೆ ಡಾಂಬರು ರಸ್ತೆ ಇದೆ. ಘಾಟಿಯಲ್ಲಿ ರಸ್ತೆ ಒಂದು ಹಳೆಯ ಕೋಟೆಯ ಒಳಗೇ ತೂರಿಕೊಂಡು ಹೋಗುತ್ತದೆ. ಆದರೆ ಹತ್ತಿದ ಕಾಲಿನಲ್ಲೇ ಇಳಿಯಬೇಕು ಅನ್ನುವುದು ನೆನಪಿರಲಿ. ಮೊದಲ ಸಲ ವ್ಯಾನ್ ಹಿಡಿಯುವುದೇ ಸರಿ. ಹಿಂದಿನ ದಿನವೇ ಬುಕ್ ಮಾಡಿ. ಮೇಲೆ ಊರಿಗಿಂತ ಆರೇಳು ಡಿಗ್ರಿ ತಣ್ಣಗಿರುತ್ತದೆ, ಗಾಳಿ ಬೇರೆ. ಒಂದು ತೆಳು ಜಾಕೆಟ್ ಒಯ್ಯಿರಿ.

2013ರಲ್ಲಿ ಎಂಡ್ಯೂರೋ ವರ್ಲ್ಡ್ ಸೀರೀಸ್ ಎಂಬ ಬೆಟ್ಟದ ಸೈಕಲ್ ಸ್ಪರ್ಧೆಗಳ ಸರಣಿ ಶುರುವಾದಾಗ ಅದರ ಕೊನೆಯ ಸುತ್ತು ನಡೆದದ್ದು ಫಿನಾಲೆಯಲ್ಲೇ. ಎಂಡ್ಯೂರೋ ಅಂದರೆ ಹತ್ತುವುದಕ್ಕೆ ಗಡಿಯಾರ ಓಡುವುದಿಲ್ಲ, ಇಳಿಯುವುದಕ್ಕೆ ಮಾತ್ರ ಓಡುತ್ತದೆ. ಆ ವರ್ಷ ಫ್ರಾನ್ಸ್‌ನ ಜೆರೋಮ್ ಕ್ಲೆಮೆಂಟ್ಸ್, ಬ್ರಿಟನ್ನಿನ ಟ್ರೇಸಿ ಮೋಸ್ಲಿ ಚಾಂಪಿಯನ್ ಆದರು. ನಮಗೆ ಗಡಿಯಾರ ಬೇಡ. ಇಳಿಯುವಾಗಲೂ ಬೇಡ.

ತುದಿಯಿಂದ ಕಡಲಿಗೆ ಬರುವಷ್ಟರಲ್ಲಿ ನೆಲ ಮೂರು ಸಲ ಬದಲಾಗುತ್ತದೆ. ಮೇಲೆ ಬೀಚ್ (beech) ಎಂಬ ಜಾತಿಯ ಮರಗಳ ಕಾಡು. ಮಣ್ಣು ಮೆತ್ತಗೆ, ತಿರುವು ಸಲೀಸು. ರೋಲರ್ ಕೋಸ್ಟರ್ ಎಂಬ ಹೆಸರುವಾಸಿ ಟ್ರೇಲ್ ಇರುವುದು ಈ ಕಡೆಯೇ, ಅದರಿಂದ ಶುರು ಮಾಡಬಹುದು. ಇಲ್ಲಿ ಮನಸ್ಸು ಉಬ್ಬುತ್ತದೆ, ಬ್ರೇಕ್ ಬಿಡುತ್ತೀರಿ, ಶಕ್ತಿಯೆಲ್ಲ ಖರ್ಚು. ನಡುವೆ ಚೆಸ್ಟ್‌ನಟ್ ಮರಗಳು. ಅಕ್ಟೋಬರ್‌ನಲ್ಲಿ ಎಲೆ ಮೊಣಕಾಲುದ್ದ ಬಿದ್ದಿರುತ್ತದೆ, ಕೆಳಗೆ ಕಲ್ಲೋ ಬೇರೋ ಗೊತ್ತಾಗುವುದಿಲ್ಲ. ವೇಗ ಇಳಿಸಿ. ಮುಂದೆ ಹೋದವರ ಚಕ್ರದ ಗುರುತು ಹಿಡಿಯಿರಿ. ಕೆಳಗೆ ಕುರುಚಲು ಪೊದೆ, ಸುಣ್ಣದಕಲ್ಲು, ಮೊದಲ ದಿನ ನೀವು ಕಲಿತದ್ದು. ಅತಿ ಕಷ್ಟದ ಭಾಗ ಬರುವುದು ಅತಿ ಸುಸ್ತಾದಾಗ. ಅದಕ್ಕೇ ಕೆಳಗಿನದ್ದನ್ನು ಮೊದಲು ಕಲಿಯಿರಿ ಅಂದಿದ್ದು.

ಇಳಿಯುವಾಗ ಕಾಲುಗಂಟೆಗೊಮ್ಮೆ ನಿಲ್ಲಿ. ಬೆರಳು ಮಡಚಿ ಬಿಡಿಸಿ. ಬ್ರೇಕ್ ಸಣ್ಣಗೆ ಹಿಡಿದುಕೊಂಡೇ ಇರಬೇಡಿ. ಗಟ್ಟಿಯಾಗಿ ಹಿಡಿದು, ಪೂರ್ತಿ ಬಿಟ್ಟು, ಮತ್ತೆ ಹಿಡಿಯಿರಿ. ಹಾಗಾದರೆ ಡಿಸ್ಕ್ ತಣಿಯಲು ಸಮಯ ಸಿಗುತ್ತದೆ. ಲಿವರ್ ಹ್ಯಾಂಡಲ್ ಹತ್ತಿರ ಬರತೊಡಗಿತು ಅಂದರೆ ಬ್ರೇಕ್ ಕಾದಿದೆ, ಕೂತು ನೀರು ಕುಡಿಯಿರಿ. ಡಿಸ್ಕ್‌ಗೆ ನೀರು ಎರಚಬೇಡಿ, ಸೊಟ್ಟಗಾಗುತ್ತದೆ.

ಇಲ್ಲಿನ ನೀಲಿ (ಸುಲಭ) ಗುರುತಿನ ಟ್ರೇಲ್ ಬೇರೆ ಬೈಕ್ ಪಾರ್ಕಿನ ಕೆಂಪಿನ (ಕಷ್ಟದ) ಹಾಗಿರುತ್ತದೆ ಎಂದುಕೊಂಡೇ ಹೊರಡಿ. ಇಟಲಿಯ ಪರ್ವತಾರೋಹಣ ಕ್ಲಬ್ಬಿನ ಗುರುತುಗಳನ್ನು ನೋಡುವುದಾದರೆ ಟಿಸಿ, ಎಂಸಿ ಸುಲಭ. 'ಬಿಸಿ' (BC) ಅಂದರೆ ಸೈಕಲ್ ಚೆನ್ನಾಗಿ ಬರಬೇಕು. 'ಒಸಿ' (OC) ಕಂಡರೆ ಇನ್ನೊಮ್ಮೆ ಯೋಚಿಸಿ.

ಬ್ಯಾಗಿನಲ್ಲಿ, ಬಿದ್ದರೆ

ಒಂದು ಟ್ಯೂಬ್, ಪಂಪ್, ಟ್ಯೂಬ್‌ಲೆಸ್ ಪ್ಲಗ್, ಚೈನ್ ಲಿಂಕ್, ಮಲ್ಟಿಟೂಲ್, ಗೇರ್ ಹ್ಯಾಂಗರ್ (ಹಿಂದಿನ ಗೇರನ್ನು ಫ್ರೇಮಿಗೆ ಹಿಡಿದಿಡುವ ತುಂಡು). ಸೀಳಿದ ಟೈರಿನ ಒಳಗೆ ಇಡಲು ಹಳೆಯ ಟೈರಿನ ಒಂದು ತುಂಡು. ನನ್ನ ಹತ್ತಿರ ಇದ್ದಿದ್ದರೆ ಆ ದಿನ ನಡೆಯಬೇಕಿರಲಿಲ್ಲ. ಮಂಡಿ ಪ್ಯಾಡ್ ಹಾಕಿಯೇ ಹಾಕಿ.

ನಕ್ಷೆಯನ್ನು ಫೋನಿಗೆ ಇಳಿಸಿಕೊಂಡಿರಿ, ಕಣಿವೆಯಲ್ಲಿ ಸಿಗ್ನಲ್ ನಂಬಬೇಡಿ. ಟ್ರೇಲ್‌ಫೋರ್ಕ್ಸ್ ಎಂಬ ನಕ್ಷೆಯ ಆಪ್‌ನಲ್ಲಿ ಮುಚ್ಚಿದ ಟ್ರೇಲ್‌ಗಳ ಮಾಹಿತಿಯೂ ಇರುತ್ತದೆ. ಪೆಟ್ಟಾದರೆ 112ಕ್ಕೆ ಫೋನ್ ಮಾಡಿ. ಬೆಟ್ಟದ ರಕ್ಷಣಾ ತಂಡವನ್ನೂ ಅವರೇ ಕಳಿಸುತ್ತಾರೆ. 'ವೇರ್ ಆರ್ ಯು' ಎಂಬ ಆಪ್ ಮೂಲಕ ಫೋನ್ ಮಾಡಿದರೆ ನೀವಿರುವ ಜಾಗ ಅವರಿಗೆ ತಾನಾಗಿ ಹೋಗುತ್ತದೆ. ಊರು ಬಿಡುವ ಮುಂಚೆಯೇ ಹಾಕಿಕೊಳ್ಳಿ.

ಸಂಜೆ ಸ್ನಾನಕ್ಕೆ ಮುಂಚೆ ಮೊಣಕಾಲಿನ ಹಿಂದೆ, ಸೊಂಟದ ಪಟ್ಟಿಯ ಸುತ್ತ ಉಣುಗು ಕಚ್ಚಿದೆಯೇ ನೋಡಿ. ಪೊದೆಗಳಲ್ಲಿ ಬೇಕಾದಷ್ಟಿವೆ. ಕಂಡರೆ ಚಿಮುಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ.

ಕೊನೆಯ ದಿನ ಈಗ ಡಿಎಚ್ ದೊನ್ನೆಗೆ ಹೋಗಿ. ಮುಗಿಸಿ ವರಿಗೊತ್ತಿಯ ಮರಳಿನಲ್ಲಿ ಕೂರಿ, ಸೈಕಲ್ಲನ್ನು ಮಾತ್ರ ರಸ್ತೆಯ ಪಕ್ಕ ಒರಗಿಸಿ. ಮರಳು ಮತ್ತು ಉಪ್ಪು ಎರಡೂ ಚೈನ್‌ಗೆ ಆಗುವುದಿಲ್ಲ. ಬಾಡಿಗೆ ಸೈಕಲ್ ಆದರೂ ವಾಪಸ್ ಕೊಡುವ ಮುಂಚೆ ಸಿಹಿನೀರಲ್ಲಿ ತೊಳೆದು, ಒರೆಸಿ, ಫ್ರೇಮಿನ ಎರಡೂ ಕಡೆ ಫೋಟೊ ತೆಗೆದಿಟ್ಟುಕೊಳ್ಳಿ. ಮೊದಲ ದಿನ ತೆಗೆದುಕೊಳ್ಳುವಾಗಲೂ ಹಾಗೇ ಒಂದು ಫೋಟೊ ತೆಗೆದಿದ್ದರೆ ಗೀರಿನ ಲೆಕ್ಕದ ವಾದ ಎರಡೇ ನಿಮಿಷಕ್ಕೆ ಮುಗಿಯುತ್ತದೆ. ನಾನು ತೆಗೆದಿರಲಿಲ್ಲ. ನನಗೆ ಮುಕ್ಕಾಲು ಗಂಟೆ ಹಿಡಿಯಿತು.